ಕಡತದ ಆಯುಷ್ಯವನ್ನು ಕುರಿತು ಒಂದು ಬಹಿರಂಗ ಪತ್ರ

ಪಿ.ಜೆ. ಬಡಾವಣೆ,
ದಾವಣಗೆರೆ.

ದಾವಣಗೆರೆ ಮತ್ತು ಹರಿಹರದ ಕಾಲೇಜು, ಕಚೇರಿ, ಸಹಕಾರ ಸಂಘ, ಮಾರುಕಟ್ಟೆಗಳ ಜಾಲತಾಣಗಳನ್ನೂ ಪ್ರಾಕ್ಸಿ ಸರ್ವರುಗಳನ್ನೂ ನೋಡಿಕೊಳ್ಳುತ್ತಿರುವ ತರುಣ ಮಿತ್ರರಿಗೆ,



ನಿಮ್ಮಲ್ಲಿ ಬಹುಮಂದಿಯ ಹೆಸರು ಊರಿಗೆ ತಿಳಿಯದು. ಪರೀಕ್ಷೆಯ ಫಲಿತಾಂಶ ಕಣ್ಣೆದುರು ಮೂಡಿದಾಗ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯವನ್ನು ನೆನೆಯುತ್ತಾನೆ. ಮೆಕ್ಕೆಜೋಳದ ಧಾರಣೆ ಕಂಡಾಗ ರೈತನು ಮಾರುಕಟ್ಟೆಯನ್ನು ನೆನೆಯುತ್ತಾನೆ. ಆ ಪುಟವು ದೂರದ ಯಾವುದೋ ಯಂತ್ರದಿಂದ ಹೊರಟು, ನಡುವಣ ಹಲವು ಯಂತ್ರಗಳನ್ನು ಹಾದು ತನ್ನ ಕೈಯವರೆಗೆ ಬರುವ ದಾರಿಯಲ್ಲಿ ನಿಮ್ಮಂಥವರು ಕುಳಿತಿದ್ದೀರೆಂಬುದು ಇಬ್ಬರ ಮನಸ್ಸಿಗೂ ಬರುವುದಿಲ್ಲ. ಹಳೆಯ ಪುಟ ಬಂದಾಗ ಮಾತ್ರ ನಿಮ್ಮ ನೆನಪಾಗುತ್ತದೆ, ಅದೂ ಬೈಗುಳದ ರೂಪದಲ್ಲಿ. ಈ ಪತ್ರ ಬೈಗುಳವಲ್ಲ. ಪದೇ ಪದೇ ಬದಲಾಗುವ ಕಡತಗಳನ್ನು ನಡುವಣ ಸಂಗ್ರಹಗಳಲ್ಲಿ ತಾಜಾ ಆಗಿರಿಸುವುದು ಹೇಗೆಂಬ ವಿಷಯದಲ್ಲಿ ಬಹುಕಾಲ ನೋಡಿದ್ದನ್ನೂ ಯೋಚಿಸಿದ್ದನ್ನೂ ನಿಮ್ಮ ಮುಂದಿಟ್ಟು, ಒಂದೇ ಒಂದು ಬೇಡಿಕೆಯನ್ನು ಸಲ್ಲಿಸುವ ಉದ್ದೇಶದಿಂದ ಬರೆಯುತ್ತಿದ್ದೇನೆ: ನೀವು ಪ್ರಕಟಿಸುವ ಪ್ರತಿಯೊಂದು ಕಡತಕ್ಕೂ ಅದರ ಆಯುಷ್ಯವೆಷ್ಟೆಂಬುದನ್ನು ನೀವೇ ನಿಜವಾಗಿ ಹೇಳಿಬಿಡಿ, ಅನ್ಯರು ಹಾಗೆ ಹೇಳಿದ್ದನ್ನು ನಿಮ್ಮ ಪ್ರಾಕ್ಸಿಯು ತಿದ್ದದಂತೆ ನೋಡಿಕೊಳ್ಳಿ.

ನಾನು ಅಧ್ಯಾಪಕನಾಗಿದ್ದು ಈಗ ನಿವೃತ್ತನಾಗಿರುವವನು. ಯು.ಬಿ.ಡಿ.ಟಿ. ಕಾಲೇಜು 1951ರಲ್ಲಿಯೂ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯ 1979ರಲ್ಲಿಯೂ ಹುಟ್ಟಿದ ಊರಿನಲ್ಲಿ ಎಂಜಿನಿಯರುಗಳಿಗೆ ಕೊರತೆಯಿಲ್ಲವಾದ್ದರಿಂದ, ನಾನು ಹೇಳುವುದರಲ್ಲಿ ಅರ್ಧದಷ್ಟು ನಿಮಗೆ ತಿಳಿದೇ ಇರುತ್ತದೆ. ಆದರೂ ತಿಳಿದವರೇ ಮಾಡದೆ ಬಿಟ್ಟಿರುವ ಕೆಲಸವಿದಾದಕಾರಣ ಪುನರುಕ್ತಿಯನ್ನು ಕ್ಷಮಿಸಬೇಕು.

ಮೊದಲು, ಪ್ರಾಕ್ಸಿಯೆಂಬುದು ನಮ್ಮ ಊರಿಗೆ ಏಕೆ ಬಂದಿತೆಂಬುದನ್ನು ಕಿರಿಯರಿಗಾಗಿ ಹೇಳುತ್ತೇನೆ. ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆದದ್ದು 1995ರ ಆಗಸ್ಟ್ 15ರಂದು. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದದ್ದು ಸರಿಯಾಗಿ ಎರಡು ವರ್ಷಗಳ ತರುವಾಯ, ಅದೇ ತಾರೀಖಿನಂದು. ಆ ಕಾಲದಲ್ಲಿ ಒಂದು ಪ್ರಯೋಗಾಲಯಕ್ಕೆಲ್ಲ ಒಂದೇ ಸಪೂರ ಸಂಪರ್ಕ. ಅದರ ಬಾಡಿಗೆಯೋ ವಿಪರೀತ. ನಲವತ್ತು ಹುಡುಗರು ಒಂದೇ ಪುಟವನ್ನು ಕೇಳಿದರೆ ನಲವತ್ತು ಬಾರಿಯೂ ಅದು ಸಮುದ್ರದಾಚೆಯಿಂದ ಹೊಸದಾಗಿ ಬರಬೇಕು. ಆಗ ಮೂಲೆಯಲ್ಲಿದ್ದ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಸ್ಕ್ವಿಡ್ ಎಂಬ ತಂತ್ರಾಂಶವನ್ನು ಕೂರಿಸಿ, 3128 ಎಂಬ ಪೋರ್ಟ್ ಸಂಖ್ಯೆಯನ್ನು ಹುಡುಗರ ಯಂತ್ರಗಳಿಗೆಲ್ಲ ಹೇಳಿಕೊಟ್ಟರೆ, ಮೊದಲನೆಯವನು ತರಿಸಿದ ಪುಟವನ್ನು ಆ ಯಂತ್ರವು ತನ್ನ ಭಂಡಾರದಲ್ಲಿಟ್ಟುಕೊಂಡು ಉಳಿದ ಮೂವತ್ತೊಂಬತ್ತು ಮಂದಿಗೂ ಅಲ್ಲಿಂದಲೇ ಕೊಡುತ್ತಿತ್ತು. ಅಮೆರಿಕದ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯ ಕ್ಯಾಶ್ ತಂತ್ರಾಂಶದಿಂದ ಕವಲೊಡೆದು, ಡುವೇನ್ ವೆಸೆಲ್ಸ್ ಮೊದಲಾದವರ ಕೈಯಲ್ಲಿ 1996ರಲ್ಲಿ ರೂಪುಗೊಂಡ ಈ ಸ್ಕ್ವಿಡ್, ಯಾರಿಗೂ ಕಾಸು ಕೊಡಬೇಕಾಗಿಲ್ಲದ ಮುಕ್ತ ತಂತ್ರಾಂಶವಾಗಿದ್ದುದರಿಂದ, ನಮ್ಮ ಕಡೆಯ ಬಡ ಪ್ರಯೋಗಾಲಯಗಳಿಗೆ ಅದು ಮಾಡಿದ ಉಪಕಾರವನ್ನು ಎಷ್ಟು ಹೇಳಿದರೂ ಕಡಮೆಯೇ.

ಆದರೆ ಈ ಉಪಕಾರದ ಬೆನ್ನಿಗೇ ಒಂದು ಪ್ರಶ್ನೆ ಅಂಟಿಕೊಂಡು ಬಂದಿತು. ಭಂಡಾರದಲ್ಲಿಟ್ಟ ಪುಟ ಎಷ್ಟು ಹೊತ್ತು ನಂಬತಕ್ಕದ್ದು?

ಹೆಸರು ಬೇಡದ ಒಂದು ಕಾಲೇಜಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಸೆಮಿಸ್ಟರ್ ಫಲಿತಾಂಶ ಹೊರಬಿದ್ದ ದಿನ. ಪ್ರಯೋಗಾಲಯದಲ್ಲಿ ಕಿಕ್ಕಿರಿದಿದ್ದ ಹುಡುಗರೆಲ್ಲರ ಪರದೆಯ ಮೇಲೂ ‘ಫಲಿತಾಂಶವನ್ನು ಶೀಘ್ರದಲ್ಲಿಯೇ ಪ್ರಕಟಿಸಲಾಗುವುದು’ ಎಂಬ ಹಳೆಯ ಸೂಚನೆಯೇ ಅಚಲವಾಗಿ ನಿಂತಿತ್ತು. ಅಷ್ಟರಲ್ಲಿ ರಾಮ್ ಅಂಡ್ ಕೋ ವೃತ್ತದ ಹತ್ತಿರದ ಸೈಬರ್ ಕೆಫೆಯೊಂದರಿಂದ ಓಡಿಬಂದ ಒಬ್ಬ ಹುಡುಗನು ತನ್ನ ಅಂಕಗಳನ್ನು ಕಾಗದದ ಮೇಲೆ ಬರೆದುಕೊಂಡು ಬಂದಿದ್ದನು. ಒಳಗಿದ್ದವರು ಎಫ್5 ಗುಂಡಿಯನ್ನು ಒತ್ತಿ ಒತ್ತಿ ದಣಿದರು, ಪುಟ ಬದಲಾಗಲಿಲ್ಲ. ಸರ್ವರು ಕೆಟ್ಟಿದೆಯೆಂದು ಒಬ್ಬರು, ಲೈನು ಹೋಗಿದೆಯೆಂದು ಇನ್ನೊಬ್ಬರು, ಸೈಬರ್ ಕೆಫೆಯವನ ಪುಟವೇ ಸುಳ್ಳೆಂದು ಮತ್ತೊಬ್ಬರು ವಾದಿಸಿದರು. ಯಾವುದೂ ಕೆಟ್ಟಿರಲಿಲ್ಲ. ಪ್ರತಿಯೊಂದು ಯಂತ್ರವೂ ತನಗೆ ಹೇಳಿದ್ದನ್ನು ಯಥಾವತ್ತಾಗಿ ಮಾಡುತ್ತಿತ್ತು. ಹೇಳಬೇಕಾದದ್ದನ್ನು ಹೇಳಬೇಕಾದವರು ಹೇಳಿರಲಿಲ್ಲ, ಅಷ್ಟೆ.

ನಡೆದದ್ದೇನೆಂದರೆ, ಆ ಪುಟವನ್ನು ಪ್ರಕಟಿಸಿದವರು ಅದರ ಆಯುಷ್ಯದ ವಿಷಯದಲ್ಲಿ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಪ್ರತಿಯೊಂದು ಪುಟದ ಜೊತೆಯಲ್ಲಿ, ಓದುವವನ ಕಣ್ಣಿಗೆ ಬೀಳದೆ, ಕೆಲವು ಶಿರೋಲೇಖಗಳು ಪ್ರಯಾಣ ಮಾಡುತ್ತವೆಯಷ್ಟೆ. ಅವುಗಳಲ್ಲಿ ‘ಕ್ಯಾಶ್-ಕಂಟ್ರೋಲ್: ಮ್ಯಾಕ್ಸ್-ಏಜ್’ ಎಂದು ಬರೆದು ಇಷ್ಟು ಸೆಕೆಂಡುಗಳೆಂದು ಸೂಚಿಸಿದ್ದರೆ, ನಡುವಣ ಪ್ರಾಕ್ಸಿಯು ಅಷ್ಟು ಹೊತ್ತು ಮಾತ್ರ ಪುಟವನ್ನು ನಂಬಿ, ಬಳಿಕ ಮೂಲದವರನ್ನು ವಿಚಾರಿಸುತ್ತಿತ್ತು. ಸೂಚನೆಯೇ ಇಲ್ಲದಿರುವಾಗ ಪ್ರಾಕ್ಸಿಯು ಊಹೆಗೆ ಕೈಹಾಕಬೇಕಾಗುತ್ತದೆ. ಆ ಊಹೆಯ ಸೂತ್ರವನ್ನು ನೀವು ಒಮ್ಮೆ ಗಮನವಿಟ್ಟು ನೋಡಬೇಕು. ಪುಟವು ಕಡೆಯ ಬಾರಿ ಬದಲಾದದ್ದು ಯಾವಾಗ ಎಂಬುದನ್ನು ‘ಲಾಸ್ಟ್-ಮಾಡಿಫೈಡ್’ ಎಂಬ ಶಿರೋಲೇಖದಿಂದ ತಿಳಿದುಕೊಂಡು, ಅದು ಎಷ್ಟು ಕಾಲ ಬದಲಾಗದೆ ಇದ್ದಿತೋ ಆ ಕಾಲದ ಒಂದು ಅಂಶದಷ್ಟು ಹೊತ್ತು ಇನ್ನೂ ಬದಲಾಗದೆ ಇರುವುದೆಂದು ಪ್ರಾಕ್ಸಿ ಭಾವಿಸುತ್ತದೆ. ಸ್ಕ್ವಿಡ್ಡಿನ ವಾಡಿಕೆಯ ವಿನ್ಯಾಸದಲ್ಲಿ ಆ ಅಂಶ ನೂರಕ್ಕೆ 20. ಪರಮಾವಧಿ 4320 ನಿಮಿಷ, ಎಂದರೆ ಮೂರು ದಿನ. ಹತ್ತು ದಿನಗಳಿಂದ ಬದಲಾಗದ ಪುಟವನ್ನು ಎರಡು ದಿನ ನಂಬುತ್ತದೆ. ಒಂದು ತಿಂಗಳಿನಿಂದ ಬದಲಾಗದ ಪುಟವನ್ನು ಆರು ದಿನ ನಂಬಬೇಕಾಗಿದ್ದು, ಪರಮಾವಧಿಯ ಕಟ್ಟಳೆಯಿಂದಾಗಿ ಮೂರು ದಿನಕ್ಕೆ ನಿಲ್ಲುತ್ತದೆ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಪುಟಗಳಿಗೆ ಈ ಊಹೆ ತಗುಲದಂತೆ ಬೇರೊಂದು ಸಾಲನ್ನು ಸ್ಕ್ವಿಡ್ ತಾನಾಗಿಯೇ ಇಟ್ಟುಕೊಂಡಿದೆ. ಮಿಕ್ಕ ಪುಟಗಳಿಗೆ ಊಹೆಯೇ ಗತಿ.

ಈ ಊಹೆ ಮೂರ್ಖತನದ್ದಲ್ಲ. ಲೋಕದ ಬಹುಪಾಲು ಕಡತಗಳು ಹಾಗೆಯೇ ನಡೆದುಕೊಳ್ಳುತ್ತವೆ: ಕಾಲೇಜಿನ ಲಾಂಛನದ ಚಿತ್ರ ಐದು ವರ್ಷ ಬದಲಾಗದೆ ಇದ್ದಿದ್ದರೆ ನಾಳೆಯೂ ಬದಲಾಗಲಾರದು. ಆದರೆ ಜನರು ಆತುರದಿಂದ ಎದುರುನೋಡುವ ಕಡತಗಳ ಸ್ವಭಾವ ಇದಕ್ಕೆ ನೇರ ವಿರುದ್ಧವಾದದ್ದು. ಫಲಿತಾಂಶದ ಪುಟವು ವಾರಗಟ್ಟಲೆ ನಿಶ್ಚಲವಾಗಿದ್ದು ಒಂದು ಗಳಿಗೆಯಲ್ಲಿ ಬದಲಾಗುತ್ತದೆ. ಅದು ಹೆಚ್ಚು ಕಾಲ ನಿಶ್ಚಲವಾಗಿದ್ದಷ್ಟೂ ಬದಲಾವಣೆ ಹತ್ತಿರವಾಗಿರುತ್ತದೆ, ಪ್ರಾಕ್ಸಿಯ ವಿಶ್ವಾಸ ಮಾತ್ರ ಅಷ್ಟಷ್ಟೇ ಬಲವಾಗುತ್ತ ಹೋಗುತ್ತದೆ. ಎಲ್ಲರಿಗೂ ಬೇಕಾದ ಆ ಒಂದು ಬೆಳಿಗ್ಗೆಯೇ ಅದರ ನಂಬಿಕೆ ಪರಮಾವಧಿಯನ್ನು ಮುಟ್ಟಿರುತ್ತದೆ. ಈ ವೈಪರೀತ್ಯವನ್ನು ಊಹೆಯ ಅಂಶವನ್ನು ಹೆಚ್ಚುಕಡಮೆ ಮಾಡಿ ಸರಿಪಡಿಸಲಾಗದು. ಫಲಿತಾಂಶ ಯಾವ ವಾರ ಬರಬಹುದೆಂಬುದನ್ನು ಬಲ್ಲವನು ಪ್ರಕಟಿಸುವವನೊಬ್ಬನೇ; ಆದ್ದರಿಂದ ಮಾತನಾಡಬೇಕಾದವನೂ ಅವನೇ.

ಇದೇ ಗುಣ ನಮ್ಮ ಜಿಲ್ಲೆಯ ಬದುಕಿಗೆ ಹತ್ತಿರವಾದ ಇನ್ನೊಂದು ಅಂಕಿಯಲ್ಲಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ. ಬೇಸಗೆಯಲ್ಲಿ ಆ ಮಟ್ಟವನ್ನು ಕೇಳುವವರು ವಿರಳ. ಕೇಳಿದರೂ ಇಂದಿಗೂ ನಾಳೆಗೂ ಹೇಳಿಕೊಳ್ಳುವಂಥ ಅಂತರವಿರದು. ಆಷಾಢದ ಮಳೆ ಮಲೆನಾಡಿನ ಮೇಲೆ ಹಿಡಿದು ಹೊಡೆಯತೊಡಗಿದ ಮೇಲೆ ದಿನಕ್ಕೊಂದು ಅಂಕಿ ಸಾಲದು, ಬೆಳಿಗ್ಗೆಗೊಂದು ಸಂಜೆಗೊಂದು ಬೇಕು. ಬಲದಂಡೆ ನಾಲೆಯ ಕೊನೆಯಂಚಿನಲ್ಲಿರುವ ಮಲೇಬೆನ್ನೂರು, ಹರಿಹರದ ಕಡೆಯ ರೈತರು ನಾಲೆಗೆ ನೀರು ಎಂದು ಬಿಡುವರೆಂಬುದನ್ನು ಆ ಅಂಕಿಯಿಂದ ಅಳೆದುಕೊಂಡು ಭತ್ತದ ಸಸಿಮಡಿ ಮಾಡಬೇಕೆ ಬೇಡವೆ ಎಂದು ನಿರ್ಧರಿಸುವವರು. ಆಯುಷ್ಯ ಬರೆಯದ ಪುಟದ ಮೇಲಿನ ಊಹೆಯು ಬೇಸಗೆಯ ಶಾಂತಿಯನ್ನು ನೋಡಿ ಮಳೆಗಾಲದ ಮಾತನ್ನಾಡುತ್ತದೆ.

ಧಾರಣೆಯ ವಿಷಯ ಇನ್ನೂ ಸೂಕ್ಷ್ಮ. ದಾವಣಗೆರೆಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಸುಗ್ಗಿಯಲ್ಲಿ ಮೆಕ್ಕೆಜೋಳದ ಆವಕ ಎಷ್ಟಿರುತ್ತದೆಂಬುದನ್ನು ನೀವೇ ಬಲ್ಲಿರಿ. ಚನ್ನಗಿರಿಯ ಕಡೆ ರಾಶಿ ಅಡಿಕೆಯ ಧಾರಣೆಯೂ ಹಾಗೆಯೇ ದಿನಕ್ಕೊಂದು ಬಗೆ. ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ದರಗಳ ಪಟ್ಟಿ ದಿನದಿನವೂ ಜಾಲದಲ್ಲಿ ಬರತೊಡಗಿ ಎರಡು ದಶಕಗಳ ಮೇಲಾಯಿತು. ನೆರೆಮನೆಯವರ ಸಂಬಂಧಿಕನಾದ ಒಬ್ಬ ರೈತನು ಒಂದು ಕಚೇರಿಯಲ್ಲಿ ವಿಚಾರಿಸಿದಾಗ ಅಲ್ಲಿಯ ಗುಮಾಸ್ತನು ಅತ್ಯಂತ ಸೌಜನ್ಯದಿಂದ ಪರದೆಯನ್ನು ತಿರುಗಿಸಿ ದರವನ್ನು ತೋರಿಸಿದ್ದನು. ಆ ದರವನ್ನು ನಂಬಿ ಚೀಲಗಳನ್ನು ಗಾಡಿಗೇರಿಸಿ ತಂದಾಗ, ದಲಾಲಿ ಅಂಗಡಿಯವರು ಆ ದರ ಹೋಗಿ ಎರಡು ದಿನವಾಯಿತೆಂದರು. ಕಚೇರಿಯ ಪ್ರಾಕ್ಸಿಯು ಮೊನ್ನೆಯ ಪುಟವನ್ನು ಕೊಟ್ಟಿತ್ತು. ಪುಟದ ಮೇಲೆ ತಾರೀಖಿರಲಿಲ್ಲ. ಮೋಸ ಮಾಡಿದವರು ಯಾರೂ ಅಲ್ಲ, ಮೋಸಹೋದವನು ಒಬ್ಬನಿದ್ದನು. ಅಂದಿನಿಂದ ಆತನು ಕಂಪ್ಯೂಟರಿನ ಮಾತನ್ನು ನಂಬದೆ ಮಂಡಿಗೆ ಫೋನ್ ಮಾಡಿಯೇ ಕೇಳುತ್ತಾನೆ, ಮತ್ತು ಹಾಗೆ ಮಾಡುವುದರಲ್ಲಿ ಆತನು ಸರಿಯಾಗಿಯೇ ಇದ್ದಾನೆ.

ಆಯುಷ್ಯದ ವಿಷಯದಲ್ಲಿ ನಿಮ್ಮವರಲ್ಲಿ ಎರಡು ವಿಧದ ಅತಿರೇಕಗಳನ್ನು ಕಂಡಿದ್ದೇನೆ. ಎರಡೂ ನನಗೆ ಒಪ್ಪಿಗೆಯಿಲ್ಲ.

ಪ್ರಾಕ್ಸಿಯನ್ನು ಕಾಯುವ ಕೆಲವರು ತಿಂಗಳ ಡೇಟಾ ಉಳಿಯಲೆಂಬ ಒಂದೇ ಲಕ್ಷ್ಯದಿಂದ, ಪ್ರಕಟಿಸಿದವರು ಬರೆದ ಆಯುಷ್ಯವನ್ನು ಕೂಡ ಲೆಕ್ಕಿಸದಂತೆ ‘ಓವರ್‌ರೈಡ್-ಎಕ್ಸ್‌ಪೈರ್’ ಎಂದೂ, ಓದುಗನು ಹೊಸ ಪ್ರತಿ ಬೇಕೆಂದು ಗುಂಡಿಯೊತ್ತಿದರೂ ಕಿವಿಗೊಡದಂತೆ ‘ಇಗ್ನೋರ್-ರೀಲೋಡ್’ ಎಂದೂ ಬರೆದುಬಿಡುತ್ತಾರೆ. ಮೇಲೆ ಹೇಳಿದ ಪ್ರಯೋಗಾಲಯದಲ್ಲಿ ಹುಡುಗರ ಎಫ್5 ವ್ಯರ್ಥವಾದದ್ದು ಈ ಎರಡನೆಯ ಸಾಲಿನಿಂದಲೇ. ಇಂಥ ಆಯ್ಕೆಗಳು ಎಚ್‌ಟಿಟಿಪಿ ನಿಯಮವನ್ನು ಉಲ್ಲಂಘಿಸುತ್ತವೆಂದು ಸ್ಕ್ವಿಡ್ಡಿನ ಕೈಪಿಡಿಯೇ ಎಚ್ಚರಿಸುತ್ತದೆ. ಸಾಲುಗಳನ್ನು ಬರೆದವರು ಕೈಪಿಡಿಯನ್ನು ಓದಿರುವುದಿಲ್ಲ. ಯಾರದೋ ವಿನ್ಯಾಸವನ್ನು ಇದ್ದಂತೆಯೇ ನಕಲು ಮಾಡಿರುತ್ತಾರೆ. ಉಳಿತಾಯ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಗುಂಡಿಯೊತ್ತಿದವನಿಗೆ ಸುಳ್ಳು ಹೇಳಿ ಮಾಡುವ ಉಳಿತಾಯ ಬೇಡ. ‘ರೀಲೋಡ್-ಇನ್‌ಟು-ಐಎಂಎಸ್’ ಎಂಬ ಮಿತವಾದ ಆಯ್ಕೆಯೊಂದಿದೆ. ಅದು ಓದುಗನ ಬೇಡಿಕೆಯನ್ನು ತಳ್ಳಿಹಾಕದೆ, ‘ಬದಲಾಗಿದ್ದರೆ ಮಾತ್ರ ಕಳುಹಿಸಿ’ ಎಂಬ ವಿಚಾರಣೆಯಾಗಿ ಪರಿವರ್ತಿಸುತ್ತದೆ. ನಿಯಮದ ಕಟ್ಟುನಿಟ್ಟಿಗೆ ಅದೂ ಪೂರ್ತಿ ಒಪ್ಪುವುದಿಲ್ಲವಾದರೂ ಓದುಗನಿಗೆ ಹಳೆಯದನ್ನು ಹೊಸದೆಂದು ಕೊಡುವುದಿಲ್ಲ.

ಜಾಲತಾಣ ನಡೆಸುವ ಇನ್ನು ಕೆಲವರು ಒಂದು ಬಾರಿ ಬೈಗುಳ ತಿಂದ ಮೇಲೆ ಭಯಗೊಂಡು, ಇಡೀ ತಾಣದ ಮೇಲೆ ‘ನೋ-ಸ್ಟೋರ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅಂದಿನಿಂದ ಲಾಂಛನದ ಚಿತ್ರವೂ ಅಕ್ಷರಶೈಲಿಯ ಕಡತವೂ ಪ್ರತಿಯೊಬ್ಬನಿಗೂ ಪ್ರತಿ ಬಾರಿಯೂ ಮೂಲದಿಂದಲೇ ಬರಬೇಕು. ಸಾಧಾರಣ ದಿನಗಳಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ಫಲಿತಾಂಶದ ದಿನ ತಿಳಿಯುತ್ತದೆ: ರಾಜ್ಯದ ಮಕ್ಕಳೆಲ್ಲರೂ ಒಂದೇ ಗಳಿಗೆಯಲ್ಲಿ ಬಾಗಿಲು ಬಡಿದಾಗ ಸರ್ವರು ಉಸಿರುಕಟ್ಟಿ ಬೀಳುತ್ತದೆ. ಹಳೆಯ ಪುಟ ಕೊಡುವುದಕ್ಕಿಂತ ಪುಟವನ್ನೇ ಕೊಡದಿರುವುದು ಲೇಸೆಂದು ವಾದಿಸುವವರುಂಟು. ಅವರು ಆ ದಿನ ತಮ್ಮ ಮಗಳ ಜೊತೆಯಲ್ಲಿ ಪರದೆಯ ಮುಂದೆ ಕುಳಿತು ನೋಡಬೇಕು.

ಹತ್ತು ಸೆಕೆಂಡುಗಳ ಆಯುಷ್ಯ ಎಷ್ಟು ದೊಡ್ಡ ಉಪಕಾರ ಮಾಡಬಲ್ಲದೆಂಬುದನ್ನು ಲೆಕ್ಕ ಹಾಕಿ ನೋಡಿರಿ. ಸೆಕೆಂಡಿಗೆ ಸಾವಿರ ಬೇಡಿಕೆಗಳು ಬರುವ ಪುಟಕ್ಕೆ ‘ಮ್ಯಾಕ್ಸ್-ಏಜ್’ ಹತ್ತೆಂದು ಬರೆದು ಮುಂದೆ ಒಂದು ಕ್ಯಾಶ್ ಇಟ್ಟರೆ, ಹತ್ತು ಸಾವಿರ ಬೇಡಿಕೆಗಳಲ್ಲಿ ಮೂಲವನ್ನು ಮುಟ್ಟುವುದು ಒಂದು ಮಾತ್ರ. ಯಾವ ಓದುಗನ ಕೈಗೂ ಹತ್ತು ಸೆಕೆಂಡಿಗಿಂತ ಹಳೆಯ ಪುಟ ಹೋಗದು. ಆ ಒಂದು ಬೇಡಿಕೆಯ ಉತ್ತರ ಬರುವ ತನಕ ಉಳಿದವರೆಲ್ಲ ಒಮ್ಮೆಗೇ ನುಗ್ಗದಂತೆ ತಡೆದು ನಿಲ್ಲಿಸುವ ಏರ್ಪಾಟು ಸ್ಕ್ವಿಡ್ಡಿನಲ್ಲಿಯೂ ಸರ್ವರು ತಂತ್ರಾಂಶವಾದ ಎಂಜಿನ್‌ಎಕ್ಸ್‌ನಲ್ಲಿಯೂ ಇದ್ದೇ ಇದೆ, ತೆರೆಯುವವರು ಬೇಕು. ಹಳೆಯ ಪ್ರತಿಯನ್ನು ಕ್ಷಣಕಾಲ ಕೊಡುತ್ತಲೇ ಹಿನ್ನೆಲೆಯಲ್ಲಿ ಹೊಸದನ್ನು ತರಿಸಿಕೊಳ್ಳುವುದಕ್ಕೂ, ಮೂಲದ ಯಂತ್ರ ಕೆಟ್ಟಾಗ ಇದ್ದುದನ್ನೇ ಕೊಡುವುದಕ್ಕೂ 2010ರಿಂದ ‘ಕ್ಯಾಶ್-ಕಂಟ್ರೋಲ್’ ಸೂಚನೆಗಳು ಗೊತ್ತಾಗಿವೆ.

‘ನೋ-ಕ್ಯಾಶ್’ ಎಂದು ಬರೆದರೆ ಪ್ರಾಕ್ಸಿಯು ಪುಟವನ್ನು ಇಟ್ಟುಕೊಳ್ಳುವುದೇ ಇಲ್ಲವೆಂಬುದು ನಿಮ್ಮಲ್ಲಿ ಅನೇಕರ ತಿಳಿವಳಿಕೆ. ಹಾಗಲ್ಲ, ಇಟ್ಟುಕೊಳ್ಳಬಹುದು, ಆದರೆ ಕೊಡುವ ಮೊದಲು ಪ್ರತಿ ಬಾರಿಯೂ ಮೂಲದವರನ್ನು ಕೇಳಬೇಕು. ಈ ಕೇಳುವಿಕೆ ದುಬಾರಿಯಲ್ಲವೆಂಬುದೇ ಇಲ್ಲಿಯ ರಹಸ್ಯ. ‘ನನ್ನ ಬಳಿ ಇಂಥ ದಿನದ, ಇಂಥ ಗಂಟೆಯ ಪ್ರತಿಯಿದೆ, ತರುವಾಯ ಬದಲಾಗಿದೆಯೆ?’ ಎಂದು ಪ್ರಾಕ್ಸಿ ವಿಚಾರಿಸಿದಾಗ, ಬದಲಾಗಿಲ್ಲದಿದ್ದರೆ ಮೂಲದ ಯಂತ್ರವು 304 ಎಂಬ ಒಂದು ಸಂಖ್ಯೆಯನ್ನು ನಾಲ್ಕು ಸಾಲಿನ ಉತ್ತರದಲ್ಲಿ ಕಳುಹಿಸಿ ಸುಮ್ಮನಾಗುತ್ತದೆ. ಪುಟದ ಒಡಲು ಬರುವುದೇ ಇಲ್ಲ. ದೊಡ್ಡದೊಂದು ದರಪಟ್ಟಿಯನ್ನು ಹೀಗೆ ದಿನವಿಡೀ ವಿಚಾರಿಸಿದರೂ ಪ್ರತಿ ಬಾರಿಯೂ ಪೂರ್ತಿ ತರಿಸುವ ಖರ್ಚಿನ ಒಂದು ಸಣ್ಣ ಪಾಲು ಆದೀತು. ದಿನಾಂಕದ ವಿಚಾರಣೆಯಲ್ಲಿ ಒಂದು ದೋಷವುಂಟು: ಅದರ ಸೂಕ್ಷ್ಮತೆ ಒಂದು ಸೆಕೆಂಡಿನವರೆಗೆ ಮಾತ್ರ, ಮತ್ತು ಬ್ಯಾಕಪ್‌ನಿಂದ ಮರಳಿ ತಂದಿಟ್ಟ ಕಡತವು ಹಳೆಯ ತಾರೀಖನ್ನೇ ಹೊತ್ತು ಬಂದು ಪ್ರಾಕ್ಸಿಯನ್ನು ದಾರಿತಪ್ಪಿಸಬಲ್ಲದು. ಆದಕಾರಣ ಕಡತದ ಒಳಗನ್ನೇ ಗುರುತಿಸುವ ‘ಇ-ಟ್ಯಾಗ್’ ಎಂಬ ಮುದ್ರೆಯನ್ನೂ ಜೊತೆಗೆ ಕೊಡುವುದು ಉತ್ತಮ. ಈ ವಿಚಾರಣಾಕ್ರಮ ಹೊಸದೇನಲ್ಲ. 1996ರ ಎಚ್‌ಟಿಟಿಪಿ 1.0ರಲ್ಲಿಯೇ ದಿನಾಂಕದ ವಿಚಾರಣೆ ಇದ್ದಿತು, 1997ರ ಜನವರಿಯಲ್ಲಿ ಬಂದ 1.1ರಲ್ಲಿ ಮುದ್ರೆಯೂ ‘ಕ್ಯಾಶ್-ಕಂಟ್ರೋಲ್’ ಶಿರೋಲೇಖವೂ ಸೇರಿಕೊಂಡವು, 2022ರ ಜೂನ್‌ನ 9111ನೆಯ ಆರ್‌ಎಫ್‌ಸಿ ಅವನ್ನೆಲ್ಲ ಒಂದೆಡೆ ಸ್ಪಷ್ಟವಾಗಿ ನಿರೂಪಿಸಿದೆ. ಕಾಲು ಶತಮಾನಕ್ಕೂ ಮೀರಿ ಕೈಯಳತೆಯಲ್ಲಿರುವ ಉಪಕರಣವನ್ನು ನಾವು ಬಳಸದಿರುವುದಕ್ಕೆ ಅಜ್ಞಾನ ಕಾರಣವಲ್ಲ, ಅನಾಸ್ಥೆ ಕಾರಣವೆಂದೇ ನನ್ನ ಭಾವನೆ.

ಎಲ್ಲ ಕಡತಗಳಿಗೂ ಒಂದೇ ನಿಯಮ ಬೇಡ. ನಮ್ಮೂರ ಬೆಣ್ಣೆದೋಸೆಯ ಜೊತೆಗಿನ ಕಾಯಿಚಟ್ನಿಯನ್ನು ಒಂದು ಹೊತ್ತಿಗಾಗುವಷ್ಟೇ ರುಬ್ಬುವ ಗೃಹಿಣಿಯು ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯನ್ನು ವರ್ಷಕ್ಕಾಗುವಂತೆ ಕಟ್ಟಿಡುತ್ತಾಳೆ. ಯಾವುದಕ್ಕೆಷ್ಟು ಕಾಲವೆಂದು ಆಕೆ ಯಾರನ್ನೂ ಕೇಳುವುದಿಲ್ಲ, ಮಾಡಿದವಳು ತಾನಾದ್ದರಿಂದ. ನಿಮ್ಮ ತಾಣದಲ್ಲಿಯೂ ಬದಲಾಗುವ ಕಡತಗಳನ್ನೂ ಬದಲಾಗದ ಕಡತಗಳನ್ನೂ ಬೇರೆ ಬೇರೆ ಹೆಸರಿನಲ್ಲಿಟ್ಟರೆ ಅರ್ಧ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಇಂದಿನ ಧಾರಣೆಯ ಪಟ್ಟಿಯನ್ನು ‘ಇಂದು’ ಎಂಬ ಒಂದೇ ಹೆಸರಿನಲ್ಲಿ ದಿನವೂ ಅಳಿಸಿ ಬರೆಯುವುದರ ಬದಲು, ತಾರೀಖನ್ನೇ ಹೆಸರಾಗುಳ್ಳ ಕಡತದಲ್ಲಿ ಬರೆದಿಡಿ. ದಿನದ ವಹಿವಾಟು ಮುಗಿದು ಪಟ್ಟಿ ಅಂತಿಮವಾದ ಮೇಲೆ ಆ ಕಡತ ಎಂದಿಗೂ ಬದಲಾಗದಾದ್ದರಿಂದ ಅದಕ್ಕೆ 31536000 ಸೆಕೆಂಡು, ಎಂದರೆ ಒಂದು ವರ್ಷದ ಆಯುಷ್ಯ ಕೊಟ್ಟರೂ ಕೇಡಿಲ್ಲ. ‘ಇಂದು’ ಎಂಬ ಪುಟವು ಆ ಕಡತದ ಕಡೆಗೆ ಬೆರಳು ತೋರಿಸುವ ಸಣ್ಣ ಪುಟವಾಗಿದ್ದು, ಅದೊಂದಕ್ಕೆ ಮಾತ್ರ ನಿಮಿಷಗಳ ಆಯುಷ್ಯವಿರಲಿ. ಇದರಿಂದ ಇನ್ನೊಂದು ಲಾಭವೂ ಆಗುವುದು: ಕಳೆದ ವರ್ಷ ಇದೇ ವಾರ ಮೆಕ್ಕೆಜೋಳ ಏನು ಮಾರಿತೆಂಬುದನ್ನು ತಿಳಿಯಬಯಸುವವನಿಗೆ ಹಳೆಯ ಪಟ್ಟಿ ದೊರೆಯುವುದು. ದಿನವೂ ಅಳಿಸಿ ಬರೆದು ನಾವು ಎಷ್ಟು ವರ್ಷಗಳ ಆರ್ಥಿಕ ಚರಿತ್ರೆಯನ್ನು ಕಳೆದುಕೊಂಡೆವೆಂಬುದನ್ನು ನೆನೆದರೆ ನನಗೆ ಹಳೆಯ ಪುಟದ ಕಾಟಕ್ಕಿಂತಲೂ ಅದೇ ಹೆಚ್ಚು ವ್ಯಥೆಯನ್ನುಂಟುಮಾಡುತ್ತದೆ. ಆದರೆ ಅದು ಬೇರೆಯ ಪತ್ರದ ವಿಷಯ.

ಹೆಸರಿನ ಈ ಉಪಾಯ ನನ್ನ ಕಲ್ಪನೆಯಲ್ಲ. ಪ್ರಯೋಗಾಲಯದಲ್ಲಿ ಉಬುಂಟು ಯಂತ್ರಗಳನ್ನು ಪ್ರಾಕ್ಸಿಯ ಮೂಲಕ ನವೀಕರಿಸಿದವರೆಲ್ಲರಿಗೂ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂಬ ದೋಷಸೂಚನೆಯ ಪರಿಚಯವಿದ್ದೇ ಇರಬೇಕು. ತಂತ್ರಾಂಶದ ಪೊಟ್ಟಣಗಳು ಒಮ್ಮೆ ಹೊರಬಂದ ಮೇಲೆ ಬದಲಾಗುವುದಿಲ್ಲ. ಅವುಗಳ ಸೂಚಿಯೂ, ಆ ಸೂಚಿಯನ್ನು ದೃಢೀಕರಿಸುವ ಪತ್ರವೂ ಪದೇ ಪದೇ ಬದಲಾಗುತ್ತವೆ. ಪ್ರಾಕ್ಸಿಯ ಭಂಡಾರದಲ್ಲಿ ದೃಢೀಕರಣ ಇಂದಿನದೂ ಸೂಚಿ ನಿನ್ನೆಯದೂ ಆಗಿ ಕುಳಿತರೆ ಎರಡಕ್ಕೂ ತಾಳೆಯಾಗದು. ಒಂದು ಕಡತ ಹಳೆಯದಾಗಿದ್ದರೆ ಹೇಗೋ ನಿಭಾಯಿಸಬಹುದು; ಪರಸ್ಪರ ಅವಲಂಬಿಸಿದ ಎರಡು ಕಡತಗಳು ಬೇರೆ ಬೇರೆ ವಯಸ್ಸಿನವಾಗಿದ್ದರೆ ನಿರ್ವಾಹವಿಲ್ಲ. ಕಡೆಗೆ ಡೆಬಿಯನ್, ಉಬುಂಟುಗಳವರು ಕಂಡುಕೊಂಡ ದಾರಿಯೂ ಹೆಸರಿನದೇ: ಸೂಚಿಯನ್ನು ಅದರ ಒಳಗಿನಿಂದ ಲೆಕ್ಕ ಹಾಕಿದ ಮುದ್ರೆಯ ಹೆಸರಿನಲ್ಲಿಯೇ ತರಿಸಿಕೊಳ್ಳುವ ಏರ್ಪಾಟನ್ನು ಮಾಡಿದರು. ಒಳಗು ಬದಲಾದರೆ ಹೆಸರೇ ಬದಲಾಗುವುದರಿಂದ, ಹಳೆಯದನ್ನು ಹೊಸದೆಂದು ಕೊಡಲು ಯಾವ ಪ್ರಾಕ್ಸಿಗೂ ಸಾಧ್ಯವಾಗದು.

ಈಗ ಪುಟಗಳೆಲ್ಲ ಗೂಢಲಿಪಿಯಲ್ಲಿ, ಎಚ್‌ಟಿಟಿಪಿಎಸ್ ಮೂಲಕ ಬರುತ್ತಿರುವುದರಿಂದ ಕಾಲೇಜಿನ ಪ್ರಾಕ್ಸಿಗೆ ತಾಣದ ಹೆಸರಷ್ಟೇ ಕಾಣುತ್ತದೆ, ಒಳಗಿನ ಪುಟ ಕಾಣುವುದಿಲ್ಲ, ಕಾಣದ್ದನ್ನು ಅದು ಭಂಡಾರದಲ್ಲಿಡುವುದೂ ಇಲ್ಲ. ಆದಕಾರಣ ಈ ಚರ್ಚೆಯೆಲ್ಲ ಹಳಸಿತೆಂದು ನಿಮ್ಮಲ್ಲೊಬ್ಬರು ನನಗೆ ಹೇಳಿದ್ದುಂಟು. ಅರ್ಧ ನಿಜ. ಪ್ರಾಕ್ಸಿ ಹೋಗಿಲ್ಲ, ಸ್ಥಳ ಬದಲಿಸಿದೆ. ಮೊದಲು ಓದುಗನ ಬಾಗಿಲಲ್ಲಿದ್ದದ್ದು ಈಗ ಪ್ರಕಟಿಸುವವನ ಬಾಗಿಲಿಗೆ ಬಂದು ಕುಳಿತಿದೆ. ನಾರ್ವೆಯ ‘ವೆರ್ದೆನ್ಸ್ ಗಾಂಗ್’ ಪತ್ರಿಕೆಯ ಜಾಲತಾಣಕ್ಕಾಗಿ ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಬರೆದು 2006ರಲ್ಲಿ ಹೊರಬಂದ ವಾರ್ನಿಶ್, ಎಂಜಿನ್‌ಎಕ್ಸ್, ಊರೂರುಗಳಲ್ಲಿ ಪ್ರತಿಗಳನ್ನಿಡುವ ಸಿಡಿಎನ್ ಸಂಸ್ಥೆಗಳು, ಇವೆಲ್ಲ ಮಾಡುವುದು ಅದೇ ಕೆಲಸವನ್ನೇ. ಓದುಗನ ಕಡೆಯ ಪ್ರಾಕ್ಸಿಯ ಮೇಲೆ ನಿಮಗೆ ಅಧಿಕಾರವಿರಲಿಲ್ಲ. ಇದರ ಮೇಲೆ ಪೂರ್ಣಾಧಿಕಾರವಿದೆ. ಹೊಸ ಫಲಿತಾಂಶ ಹಾಕಿದ ಕೂಡಲೇ ಹಳೆಯ ಪ್ರತಿಯನ್ನು ಅಳಿಸೆಂದು ‘ಪರ್ಜ್’ ಆಜ್ಞೆಯನ್ನು ಕಳುಹಿಸಬಹುದು. ಈ ಮುಂಬಾಗಿಲ ಕ್ಯಾಶಿಗೆ ಒಂದು ಆಯುಷ್ಯವನ್ನೂ ಓದುಗನ ಬ್ರೌಸರಿಗೆ ಇನ್ನೊಂದು ಆಯುಷ್ಯವನ್ನೂ ಕೊಡಬಹುದು. ದೂರಲು ಮೂರನೆಯವರು ಉಳಿದಿಲ್ಲವೆಂಬುದೇ ಇಂದಿನ ವಿಶೇಷ.

ಒಂದು ಎಚ್ಚರಿಕೆ ಮಾತ್ರ ಕಟುವಾಗಿ ಹೇಳಬೇಕಾಗಿದೆ. ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿ, ಒಬ್ಬ ಖಾತೆದಾರನ ಸಾಲದ ವಿವರ, ಇಂಥವುಗಳಿಗೆ ‘ಪ್ರೈವೇಟ್’ ಎಂದಾಗಲಿ ‘ನೋ-ಸ್ಟೋರ್’ ಎಂದಾಗಲಿ ಬರೆಯದೆ ಬಿಟ್ಟರೆ, ಎಲ್ಲರಿಗೂ ಸಾಮಾನ್ಯವಾದ ಕ್ಯಾಶ್ ಒಬ್ಬರ ಪುಟವನ್ನು ಮತ್ತೊಬ್ಬರಿಗೆ ಕೊಟ್ಟೀತು. ಹಳೆಯ ಧಾರಣೆ ಕೊಟ್ಟದ್ದು ನಷ್ಟವಾದರೆ ಇದು ಅಪರಾಧ.

ಆದ್ದರಿಂದ ನಾನು ಬೇಡುವುದಿಷ್ಟು. ಜಾಲತಾಣ ನಡೆಸುವವರೇ, ಈ ವಾರ ಒಂದು ಸಂಜೆ ಬಿಡುವು ಮಾಡಿಕೊಂಡು ನಿಮ್ಮ ತಾಣದ ಮುಖ್ಯ ಪುಟಗಳ ಶಿರೋಲೇಖಗಳನ್ನು ‘ಕರ್ಲ್’ ಆಜ್ಞೆಯಿಂದ ತೆಗೆದು ನೋಡಿರಿ; ಆಯುಷ್ಯ ಬರೆಯದ ಪುಟ ಕಂಡರೆ ಬರೆಯಿರಿ, ಯಾವ ಪುಟ ಯಾವಾಗ ಬದಲಾಗುವುದೆಂಬುದನ್ನು ಪರೀಕ್ಷಾ ವಿಭಾಗದವರನ್ನೋ ಮಾರುಕಟ್ಟೆಯ ಕಾರ್ಯದರ್ಶಿಗಳನ್ನೋ ಕೇಳಿ ತಿಳಿದು ಬರೆಯಿರಿ. ‘ಏಜ್’ ಎಂಬ ಶಿರೋಲೇಖ ಕಂಡರೆ ಆ ಪ್ರತಿಗೆ ಎಷ್ಟು ಸೆಕೆಂಡು ವಯಸ್ಸಾಯಿತೆಂಬುದು ಅಲ್ಲಿಯೇ ತಿಳಿಯುತ್ತದೆ. ನಿಮ್ಮ ಸರ್ವರಿನ ಗಡಿಯಾರ ಸರಿಯಿದೆಯೆ ನೋಡಿಕೊಳ್ಳಿ. ಅದು ಒಂದು ಗಂಟೆ ಮುಂದಿದ್ದರೆ ದಿನಾಂಕ ಹಚ್ಚಿ ಬರೆದ ಆಯುಷ್ಯಗಳೆಲ್ಲ ತಪ್ಪುತ್ತವೆ. ಪ್ರಾಕ್ಸಿ ಕಾಯುವವರೇ, ನಿಮ್ಮ ವಿನ್ಯಾಸದ ಕಡತವನ್ನು ಮೇಲಿನಿಂದ ಓದಿಕೊಂಡು ಬನ್ನಿ. ‘ರಿಫ್ರೆಶ್-ಪ್ಯಾಟರ್ನ್’ ಸಾಲುಗಳಲ್ಲಿ ಮೊದಲು ಹೊಂದಿದ ಸಾಲೇ ಗೆಲ್ಲುವುದರಿಂದ, ಪದೇ ಪದೇ ಬದಲಾಗುವ ತಾಣಗಳ ಸಾಲನ್ನು ಎಲ್ಲಕ್ಕೂ ಅನ್ವಯಿಸುವ ಚುಕ್ಕಿಯ ಸಾಲಿಗಿಂತ ಮೇಲಿಡಿ. ಯಾರು ಯಾವಾಗ ಏಕೆ ಬರೆದರೆಂದು ತಿಳಿಯದ ‘ಓವರ್‌ರೈಡ್’, ‘ಇಗ್ನೋರ್’ಗಳನ್ನು ತೆಗೆದುಹಾಕಿ, ಒಂದು ತಿಂಗಳ ಡೇಟಾ ಎಷ್ಟಾಯಿತೆಂದು ನೋಡಿ ಅನಂತರ ನಿರ್ಧರಿಸಿ. ಬದಲಾಗುವ ಪ್ರತಿಯೊಂದು ಪುಟದ ತಲೆಯ ಮೇಲೆಯೂ ಅದರೊಳಗಿನ ಅಂಕಿ ಯಾವ ದಿನದ ಎಷ್ಟು ಗಂಟೆಯದೆಂಬುದನ್ನು ಕನ್ನಡದಲ್ಲಿ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ಅಚ್ಚು ಮಾಡಿ. ನಮ್ಮೂರ ‘ಜನತಾವಾಣಿ’ಯನ್ನು ಎತ್ತಿಕೊಂಡವನು ಮೊದಲು ತಾರೀಖನ್ನು ನೋಡುತ್ತಾನೆ, ಹಳೆಯ ಪತ್ರಿಕೆಯಾದರೆ ಮಡಿಸಿಡುತ್ತಾನೆ. ಜಾಲದ ಪುಟವನ್ನು ನೋಡುವವನಿಗೂ ಆ ಅವಕಾಶ ಇರಲಿ. ಇದಕ್ಕೆ ಯಾವ ಶಿರೋಲೇಖವೂ ಬೇಡ, ಯಾವ ಟೆಂಡರೂ ಬೇಡ.

ಇವನ್ನೆಲ್ಲ ಮಳೆಗಾಲಕ್ಕೆ ಮುನ್ನ, ಭದ್ರೆಯ ಮಟ್ಟ ಏರತೊಡಗುವುದರೊಳಗೆ, ಮಾಡಿ ಮುಗಿಸುವಿರೆಂದು ನಂಬಿದ್ದೇನೆ. ಕಷ್ಟಗಳಿದ್ದರೆ ಬರೆದು ತಿಳಿಸಿ; ತಾಣದ ಆಡಳಿತ ಹೊರಗಿನ ಕಂಪನಿಯ ಕೈಯಲ್ಲಿದ್ದು ನಿಮ್ಮ ಮಾತು ನಡೆಯದಿದ್ದರೆ ಆ ಸಂಗತಿಯನ್ನೂ ತಿಳಿಸಿ, ಮೇಲಿನವರಿಗೆ ನಿಮ್ಮ ಜೊತೆ ನಾನೂ ಒಂದು ಅರ್ಜಿ ಬರೆಯಲು ಸಿದ್ಧನಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಪಿ.ಜೆ. ಬಡಾವಣೆಯ ಒಬ್ಬ ನಿವೃತ್ತ ಅಧ್ಯಾಪಕ